ಕಣ್ಣೀರು: ಹುಟ್ಟು, ಹರಿವು, ಕೆಲಸ

ಕಣ್ಣೀರು ಎಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಅಳು. ಕನ್ನಡದಲ್ಲಿ ಇದಕ್ಕಿರುವ ಹೆಸರುಗಳೂ ಆ ಕಡೆಗೇ ವಾಲಿವೆ. ದುಃಖದಲ್ಲಿ ಸುರಿದದ್ದು ಕಂಬನಿ, ಸಂತೋಷದಲ್ಲಿ ಉಕ್ಕಿದ್ದು ಆನಂದಬಾಷ್ಪ, ಕಪಟದಿಂದ ಹರಿಸಿದ್ದು ಮೊಸಳೆ ಕಣ್ಣೀರು. ಆದರೆ ವರ್ಷದಲ್ಲಿ ಒಂದು ದಿನವೂ ಅಳದವನ ಕಣ್ಣಿನಲ್ಲಿಯೂ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಕಣ್ಣೀರು ಒಸರುತ್ತಲೇ ಇರುತ್ತದೆ. ಅದು ಕೆನ್ನೆಯ ಮೇಲೆ ಇಳಿಯುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಈ ಕಾಣದ ಕಣ್ಣೀರು ಬತ್ತಿದರೆ ಆರೋಗ್ಯವಾಗಿದ್ದ ಕಣ್ಣು ಮಬ್ಬಾಗುತ್ತದೆ, ಅದರ ಮೇಲ್ಮೈ ಹುಣ್ಣಾಗುತ್ತದೆ, ಉಪೇಕ್ಷೆ ಮಾಡಿದರೆ ದೃಷ್ಟಿಯೇ ಹೋಗಬಹುದು.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ಹೊರನೋಟಕ್ಕೆ ವಿಚಿತ್ರವೆನಿಸುತ್ತದೆ. ಕಣ್ಣಿನಿಂದ ಸದಾ ನೀರು ಸೋರುತ್ತದೆಂದು ಆಸ್ಪತ್ರೆಗೆ ಬರುವವರಲ್ಲಿ ಅನೇಕರಿಗೆ ಇರುವ ತೊಂದರೆ ಕಣ್ಣಿನ ಶುಷ್ಕತೆ. ವೈದ್ಯರ ಚೀಟಿಯಲ್ಲಿ ‘ಡ್ರೈ ಐ’ ಎಂದು ಬರೆದಿರುವುದನ್ನು ಕಂಡು, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿರುವ ರೋಗಿ ವೈದ್ಯರೇ ತಪ್ಪಿದರೆಂದು ಭಾವಿಸುವುದುಂಟು. ನೀರು ಸುರಿಯುವ ಕಣ್ಣು ಒಣಗಿರುವುದು ಹೇಗೆ ಸಾಧ್ಯ? ಇದನ್ನು ತಿಳಿಯಬೇಕಾದರೆ ಕಣ್ಣೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಿಂದ ಹೊರಟುಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎಲ್ಲಿ ಹುಟ್ಟುತ್ತದೆ

ಕಣ್ಣೀರು ಮೆದುಳಿನಿಂದ ಇಳಿದುಬರುವ ತೇವವೆಂಬ ನಂಬಿಕೆ ಯೂರೋಪಿನಲ್ಲಿ ಬಹುಕಾಲ ಇತ್ತು. ಡೆನ್ಮಾರ್ಕಿನ ಅಂಗರಚನಾ ಶಾಸ್ತ್ರಜ್ಞ ನಿಕೋಲಾಸ್ ಸ್ಟೆನೊ ಪ್ರಾಣಿಗಳ ತಲೆಗಳನ್ನು ಸೀಳಿ ಪರೀಕ್ಷಿಸಿ, ಕಣ್ಣಿನ ಮೇಲಿರುವ ಒಂದು ಗ್ರಂಥಿಯಿಂದ ಸೂಕ್ಷ್ಮ ನಾಳಗಳು ರೆಪ್ಪೆಯ ಒಳಗೆ ತೆರೆಯುವುದನ್ನು ಕಂಡುಹಿಡಿದನು. 1662ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವಿವರಣೆಯಿದೆ. ಕಣ್ಣೀರಿಗೂ ಮೆದುಳಿನ ತೇವಕ್ಕೂ ಸಂಬಂಧವಿಲ್ಲವೆಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು.

ಅಶ್ರುಗ್ರಂಥಿ ಎನಿಸಿಕೊಳ್ಳುವ ಈ ಅಂಗ ಆಕಾರದಲ್ಲಿ ಬಾದಾಮಿಯಂತಿದೆ. ಹುಬ್ಬಿನ ಹೊರತುದಿಯ ಕೆಳಗೆ, ಹಣೆಯ ಮೂಳೆಯಲ್ಲಿರುವ ಒಂದು ತಗ್ಗಿನಲ್ಲಿ ಅದು ಹುದುಗಿರುತ್ತದೆ. ಹತ್ತು ಹನ್ನೆರಡು ನವಿರಾದ ನಾಳಗಳ ಮೂಲಕ ಅದರ ಸ್ರಾವ ಮೇಲಿನ ರೆಪ್ಪೆಯ ಒಳಮಡಿಕೆಗೆ ಇಳಿಯುತ್ತದೆ. ಇದಲ್ಲದೆ ರೆಪ್ಪೆಯ ಒಳಭಾಗದಲ್ಲಿ ಇದೇ ಬಗೆಯ ಅನೇಕ ಚಿಕ್ಕ ಗ್ರಂಥಿಗಳಿವೆ. ಎಚ್ಚರವಿರುವಾಗ ಒಂದು ಕಣ್ಣಿನಲ್ಲಿ ನಿಮಿಷಕ್ಕೆ ಉತ್ಪತ್ತಿಯಾಗುವ ನೀರು ಸುಮಾರು 1ರಿಂದ 2 ಮೈಕ್ರೋಲೀಟರ್ ಮಾತ್ರ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದೆರಡು ಭಾಗ. ನಿದ್ದೆಯಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ. ಯಾವುದೇ ಕ್ಷಣದಲ್ಲಿ ಕಣ್ಣಿನ ಮೇಲೆ ಇರುವ ಒಟ್ಟು ದ್ರವ ಸುಮಾರು 7 ಮೈಕ್ರೋಲೀಟರ್. ಔಷಧದ ಶೀಶೆಯಿಂದ ಬೀಳುವ ಒಂದೇ ತೊಟ್ಟು ಇದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದು.

ಇಷ್ಟು ಅಲ್ಪವಾದ ದ್ರವ ಕಣ್ಣಿನ ತೆರೆದ ಭಾಗವನ್ನೆಲ್ಲ ಹೊದೆಯಬೇಕು. ಹರಡಿಕೊಂಡಾಗ ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದ ಮೂರು ಭಾಗದಷ್ಟು ಆಗುತ್ತದೆ. ಬರಿಯ ನೀರಾಗಿದ್ದರೆ ಅದು ಗಾಜಿನ ಮೇಲೆ ಸುರಿದ ನೀರಿನಂತೆ ಹನಿಹನಿಯಾಗಿ ಒಡೆದು, ನಡುನಡುವೆ ಒಣ ಜಾಗಗಳನ್ನು ಬಿಟ್ಟು ಜಾರಿಹೋಗುತ್ತಿತ್ತು. ಹಾಗಾಗದಂತೆ ನೋಡಿಕೊಳ್ಳುವುವು ಬೇರೆ ಎರಡು ವಸ್ತುಗಳು.

ಮೊದಲನೆಯದು ಲೋಳೆ. ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಗಳ ಒಳಮೈಯನ್ನೂ ಹೊದೆದಿರುವ ತೆಳುಪೊರೆಯಲ್ಲಿ ಲೋಳೆಯನ್ನು ಸ್ರವಿಸುವ ಅಸಂಖ್ಯ ಕೋಶಗಳಿವೆ. ಪಾಪೆಯ ಮುಂದೆ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಭಾಗಕ್ಕೆ ಕಾರ್ನಿಯ ಎಂದು ಹೆಸರು. ಇದರ ಹೊರಮೈ ನೀರನ್ನು ಸುಲಭವಾಗಿ ಹಿಡಿದುಕೊಳ್ಳುವಂಥದಲ್ಲ. ಲೋಳೆ ಅದಕ್ಕೆ ಅಂಟಿಕೊಂಡು ನೀರು ಸಮನಾಗಿ ಹರಡುವಂತೆ ಮಾಡುತ್ತದೆ. ಎರಡನೆಯದು ಜಿಡ್ಡು. ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿನ ಹಿಂದೆ, ಸೂಜಿಯ ಮೊನೆಯಿಂದ ಚುಚ್ಚಿದಂತೆ ಒಂದು ಸಾಲು ರಂಧ್ರಗಳಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು ಮೂವತ್ತು, ಕೆಳಗಿನದರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಇವನ್ನು 1666ರಲ್ಲಿ ವಿವರಿಸಿದ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್‌ನ ಹೆಸರಿನಿಂದ ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ಇವುಗಳಿಂದ ಹೊರಡುವ ಎಣ್ಣೆ ಕಣ್ಣೀರಿನ ಮೇಲೆ ಅತಿ ತೆಳುವಾದ ಮುಚ್ಚಳದಂತೆ ಹರಡಿ, ಅದು ಬೇಗ ಆವಿಯಾಗದಂತೆ ತಡೆಯುತ್ತದೆ. ಹಾಲಿನ ಮೇಲೆ ಕಟ್ಟುವ ಕೆನೆ ಇದಕ್ಕೆ ಪೂರ್ಣ ಹೋಲಿಕೆಯಲ್ಲವಾದರೂ ಸ್ಥೂಲವಾಗಿ ಒಪ್ಪುತ್ತದೆ.

ಬೆಳಿಗ್ಗೆ ಕಣ್ಣಿನ ಮೂಲೆಯಲ್ಲಿ ಸೇರಿಕೊಂಡಿರುವ ಪಿಸುರು ಈ ಲೋಳೆ, ಜಿಡ್ಡು ಮತ್ತು ಉದುರಿದ ಕೋಶಗಳ ಶೇಷವೇ. ಒಂದಿಷ್ಟು ಇರುವುದು ಸಹಜ. ಹಳದಿಯಾಗಿ, ರೆಪ್ಪೆಗಳು ಅಂಟಿಕೊಳ್ಳುವಷ್ಟು ಬಂದರೆ ಅದು ಸೋಂಕಿನ ಗುರುತು.

ಪೊರೆಯ ಕೆಲಸ

ದೇಹದ ಇತರ ಭಾಗಗಳಿಗೆ ಆಮ್ಲಜನಕವನ್ನು ತಲುಪಿಸುವುದು ರಕ್ತ. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಎಚ್ಚರವಿರುವಾಗ ಅದರ ಹೊರಪದರ ಗಾಳಿಯಲ್ಲಿನ ಆಮ್ಲಜನಕವನ್ನೇ ಕಣ್ಣೀರಿನ ಮೂಲಕ ಹೀರಿಕೊಳ್ಳುತ್ತದೆ. ಕಾಂಟ್ಯಾಕ್ಟ್ ಲೆನ್ಸುಗಳನ್ನು ರಾತ್ರಿ ತೆಗೆಯದೆ ಮಲಗಬಾರದೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ನೋಟದ ಸ್ಪಷ್ಟತೆಯೂ ಈ ಪೊರೆಯನ್ನು ಅವಲಂಬಿಸಿದೆ. ಬೆಳಕಿನ ಕಿರಣಗಳನ್ನು ಬಾಗಿಸಿ ಒಂದೆಡೆ ಕೂಡಿಸುವ ಕಣ್ಣಿನ ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಪಾಲು ಕಣ್ಣಿನ ಮುಂಭಾಗದ ಮೇಲ್ಮೈಯಲ್ಲಿಯೇ ಇದೆ. ಆ ಮೇಲ್ಮೈಯನ್ನು ನುಣುಪಾಗಿಡುವುದು ಕಣ್ಣೀರಿನ ಪೊರೆ. ಅದು ಅಲ್ಲಲ್ಲಿ ಒಡೆದರೆ ಗೀಚಿದ ಕನ್ನಡಕದ ಮೂಲಕ ನೋಡಿದಂತೆ ಅಕ್ಷರಗಳು ಮಸುಕಾಗುತ್ತವೆ. ಓದುತ್ತ ಕುಳಿತವರಿಗೆ ಅಕ್ಷರ ಮಂಜಾಗಿ, ಎರಡು ಸಲ ರೆಪ್ಪೆ ಬಡಿದೊಡನೆ ಮತ್ತೆ ತಿಳಿಯಾದರೆ ದೋಷ ಕನ್ನಡಕದಲ್ಲಿ ಇಲ್ಲದಿರಬಹುದು.

ರೆಪ್ಪೆ ಬಡಿಯುವುದು ಅರಿವಿಲ್ಲದೆ ನಡೆಯುವ ಕ್ರಿಯೆ. ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಇಳಿದು, ಹಳೆಯ ಪೊರೆಯನ್ನು ಒರೆಸಿ, ಗ್ರಂಥಿಗಳನ್ನು ಅದುಮಿ ಜಿಡ್ಡನ್ನು ಹೊರತಂದು, ಹೊಸ ಪೊರೆಯನ್ನು ಹಾಸಿ ಮೇಲೇಳುತ್ತದೆ. ಸೂಕ್ಷ್ಮವಾದುದನ್ನು ದಿಟ್ಟಿಸುವಾಗ ಬಡಿತಗಳ ಸಂಖ್ಯೆ ಅರ್ಧಕ್ಕೂ ಇಳಿಯುತ್ತದೆ. ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯನ್ನು ಗಂಟೆಗಟ್ಟಲೆ ನೋಡುವವರ ಕಣ್ಣುರಿಗೆ ಮುಖ್ಯ ಕಾರಣ ಪರದೆಯ ಬೆಳಕಲ್ಲ, ರೆಪ್ಪೆ ಬಡಿಯುವುದನ್ನು ಮರೆಯುವುದು. ಸೂಜಿಯ ಕೆಲಸ ಮಾಡುವ ದರ್ಜಿಗಳೂ ಅಕ್ಕಸಾಲಿಗರೂ ಪರದೆಗಳು ಬರುವ ಬಹಳ ಮೊದಲೇ ಇದೇ ದೂರನ್ನು ಹೇಳುತ್ತಿದ್ದರು.

ಕಣ್ಣೀರಿನ ಇನ್ನೊಂದು ಗುಣ ಆಕಸ್ಮಿಕವಾಗಿ ತಿಳಿದುಬಂದದ್ದು. ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ 1921ರಲ್ಲಿ ನೆಗಡಿಯಾಗಿದ್ದಾಗ ತನ್ನ ಮೂಗಿನ ಲೋಳೆಯನ್ನು ಬ್ಯಾಕ್ಟೀರಿಯಾಗಳನ್ನು ಬೆಳೆಸುವ ತಟ್ಟೆಯಲ್ಲಿಟ್ಟು ನೋಡಿದನು. ಅದರ ಸುತ್ತ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವು. ಕಣ್ಣೀರಿನಲ್ಲಿ ಈ ಶಕ್ತಿ ಇನ್ನೂ ಹೆಚ್ಚಾಗಿದ್ದುದು ಕಂಡುಬಂತು. ಪ್ರಯೋಗಕ್ಕೆ ಬೇಕಾದ ಕಣ್ಣೀರಿಗಾಗಿ ಸಹೋದ್ಯೋಗಿಗಳ ಮತ್ತು ಸೇವಕರ ಕಣ್ಣಿಗೆ ನಿಂಬೆಯ ಸಿಪ್ಪೆ ಹಿಂಡಲಾಗುತ್ತಿತ್ತು. ಸೇವಕರಿಗೆ ಅದಕ್ಕಾಗಿ ಮೂರು ಪೆನ್ಸ್ ಕೂಲಿಯೂ ಸಿಗುತ್ತಿತ್ತು. ಲೈಸೋಜೈಮ್ ಎಂದು ಹೆಸರು ಪಡೆದ ಆ ಕಿಣ್ವದ ವಿವರ 1922ರಲ್ಲಿ ಪ್ರಕಟವಾಯಿತು. ಅದೇ ಫ್ಲೆಮಿಂಗ್ ಪೆನ್ಸಿಲಿನ್ನನ್ನು ಗುರುತಿಸಿದ್ದು 1928ರಲ್ಲಿ. ಲೈಸೋಜೈಮ್ ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನು ಕತ್ತರಿಸಿಹಾಕುತ್ತದೆ. ಕಣ್ಣೀರಿನಲ್ಲಿರುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಬ್ಯಾಕ್ಟೀರಿಯಾಗಳಿಗೆ ಅವಶ್ಯವಾದ ಕಬ್ಬಿಣವನ್ನು ಅವಕ್ಕೆ ಸಿಗದಂತೆ ಹಿಡಿದಿಡುತ್ತದೆ. ದಿನವಿಡೀ ಧೂಳಿಗೆ ಒಡ್ಡಿಕೊಂಡೂ ಕಣ್ಣು ಸುಲಭವಾಗಿ ಕೊಳೆಯದಿರುವುದು ಇವುಗಳಿಂದ.

ಹೋಗುವ ದಾರಿ

ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಕೆಳರೆಪ್ಪೆಯನ್ನು ಕೊಂಚ ಹೊರಕ್ಕೆಳೆದು ಕನ್ನಡಿಯಲ್ಲಿ ನೋಡಿದರೆ, ರೆಪ್ಪೆಯ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆಯಂಥ ರಂಧ್ರ ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದೇ ಇನ್ನೊಂದಿದೆ. ಅಗಲ ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗ. ಕೆಲಸ ಮುಗಿಸಿದ ಕಣ್ಣೀರು ಈ ರಂಧ್ರಗಳ ಮೂಲಕ ಎರಡು ಕಿರುನಾಳಗಳನ್ನು ಸೇರಿ, ಮೂಗಿನ ಬದಿಯ ಮೂಳೆಯಲ್ಲಿ ಅಡಗಿರುವ ಅಶ್ರುಚೀಲಕ್ಕೆ ಬಂದು, ಅಲ್ಲಿಂದ ಅಶ್ರುನಾಳದ ಮೂಲಕ ಮೂಗಿನೊಳಕ್ಕೆ ಇಳಿಯುತ್ತದೆ. ಪ್ರತಿಯೊಂದು ರೆಪ್ಪೆಬಡಿತವೂ ಇಲ್ಲಿ ಪಂಪಿನಂತೆ ಕೆಲಸಮಾಡುತ್ತದೆ. ಅಳುವವರಿಗೆ ಮೂಗು ಸುರಿಯುವುದು, ಕಣ್ಣಿಗೆ ಹಾಕಿದ ಔಷಧ ಸ್ವಲ್ಪ ಹೊತ್ತಿನಲ್ಲಿ ಗಂಟಲಿನಲ್ಲಿ ಕಹಿಯಾಗುವುದು ಈ ದಾರಿಯಿಂದಲೇ.

ಆದ್ದರಿಂದ ಕಣ್ಣೀರು ಕೆನ್ನೆಗೆ ಇಳಿಯುತ್ತದೆಂದರೆ ಎರಡರಲ್ಲಿ ಒಂದು ಆಗಿರಬೇಕು: ದಾರಿ ಹಿಡಿಯಲಾರದಷ್ಟು ನೀರು ಬಂದಿದೆ, ಇಲ್ಲವೇ ದಾರಿಯೇ ಕಟ್ಟಿದೆ.

ಮೂರು ಬಗೆಯ ಕಣ್ಣೀರು

ಮೇಲೆ ಹೇಳಿದ ನಿತ್ಯದ ಸ್ರಾವ ಒಂದು ಬಗೆ. ಎರಡನೆಯದು ಕಣ್ಣಿಗೆ ಏನಾದರೂ ತಾಗಿದಾಗ ಉಕ್ಕುವಂಥದು. ದೇಹದ ಹೊರಮೈಯಲ್ಲಿ ಕಾರ್ನಿಯದಷ್ಟು ನರತುದಿಗಳು ದಟ್ಟವಾಗಿರುವ ಜಾಗ ಬೇರೊಂದಿಲ್ಲ. ಒಂದು ಕಣ ಧೂಳು ತಾಗಿದರೂ ಸುದ್ದಿ ಮೆದುಳಿನ ಕಾಂಡಕ್ಕೆ ತಲುಪಿ, ಅಲ್ಲಿಂದ ಮುಖದ ನರದ ಒಂದು ಶಾಖೆಯ ಮೂಲಕ ಅಶ್ರುಗ್ರಂಥಿಗೆ ಆಜ್ಞೆ ಹೋಗುತ್ತದೆ. ಸ್ರಾವ ಕೂಡಲೇ ಹತ್ತಾರು ಪಟ್ಟು ಹೆಚ್ಚುತ್ತದೆ.

ಈರುಳ್ಳಿಯನ್ನು ಹೆಚ್ಚುವಾಗ ಆಗುವುದು ಇದೇ. ಇಡಿಯಾದ ಈರುಳ್ಳಿ ಕಣ್ಣೀರು ತರಿಸುವುದಿಲ್ಲ. ಕತ್ತಿ ಆಡಿದಾಗ ಅದರ ಕೋಶಗಳು ಒಡೆದು, ಬೇರೆಬೇರೆಯಾಗಿದ್ದ ಗಂಧಕಯುಕ್ತ ವಸ್ತುವೂ ಕಿಣ್ವಗಳೂ ಒಂದಾಗಿ ಒಂದು ತೀಕ್ಷ್ಣವಾದ ಆವಿ ಏಳುತ್ತದೆ. ಈ ಆವಿಯನ್ನು ಉಂಟುಮಾಡುವುದಕ್ಕೆಂದೇ ಪ್ರತ್ಯೇಕ ಕಿಣ್ವವೊಂದು ಇದೆಯೆಂಬುದನ್ನು ಜಪಾನಿನ ಸಂಶೋಧಕರು 2002ರಲ್ಲಿ ತೋರಿಸಿದರು. ಈರುಳ್ಳಿಯನ್ನು ತಣ್ಣಗೆ ಮಾಡಿ, ಹರಿತವಾದ ಕತ್ತಿಯಿಂದ ಹೆಚ್ಚಿದರೆ ಆವಿ ಕಡಿಮೆ ಏಳುತ್ತದೆ.

ಈ ರಕ್ಷಣೆಗೆ ಮಿತಿಯುಂಟು. 1984ರ ಡಿಸೆಂಬರ್ 2-3ರ ನಡುರಾತ್ರಿ ಭೋಪಾಲಿನ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಅನಿಲ ಹೊರಬಿದ್ದಾಗ, ಮಲಗಿದ್ದ ಜನ ಎಚ್ಚೆತ್ತದ್ದು ಕಣ್ಣುರಿಯಿಂದ ಮತ್ತು ಕೆಮ್ಮಿನಿಂದ. ನೀರಿನೊಡನೆ ವರ್ತಿಸುವ ಆ ಅನಿಲ ತೇವವಿರುವ ಕಣ್ಣು, ಗಂಟಲು, ಶ್ವಾಸಕೋಶಗಳನ್ನೇ ಮೊದಲು ಸುಟ್ಟಿತು. ಧಾರಾಕಾರವಾಗಿ ಸುರಿದ ಕಣ್ಣೀರು ಸಾಲದಾಯಿತು. ಬಹುಮಂದಿಯ ಕಾರ್ನಿಯದ ಮೇಲಿನ ಹುಣ್ಣುಗಳು ಕ್ರಮೇಣ ಮಾಯ್ದರೂ, ವರ್ಷಗಳ ನಂತರ ನಡೆದ ತಪಾಸಣೆಗಳಲ್ಲಿಯೂ ಕಣ್ಣುರಿ, ನೀರು ಸೋರುವಿಕೆಗಳು ಉಳಿದಿದ್ದುದು ಕಂಡುಬಂತು.

ಅಷ್ಟು ದೊಡ್ಡ ದುರಂತವಲ್ಲದಿದ್ದರೂ, ಎಲೆ ಅಡಿಕೆಯ ಸುಣ್ಣ ಮನೆಮನೆಯಲ್ಲೂ ಇರುವ ಅಪಾಯ. ಸುಣ್ಣದ ಪೊಟ್ಟಣವನ್ನೋ ಟ್ಯೂಬನ್ನೋ ಮಕ್ಕಳು ಆಟಕ್ಕೆ ಹಿಚುಕಿದಾಗ ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರ, ಆಮ್ಲಕ್ಕಿಂತ ಆಳಕ್ಕೆ ಇಳಿದು ಕಾರ್ನಿಯವನ್ನು ಬೇಯಿಸಿಬಿಡುತ್ತದೆ. ಕೆಲವೇ ತೊಟ್ಟು ಕಣ್ಣೀರಿನಿಂದ ಅದನ್ನು ತೊಳೆಯಲಾಗದು. ಹತ್ತಿರವಿರುವ ಶುದ್ಧವಾದ ನೀರನ್ನು, ನಲ್ಲಿಯದಾದರೂ ಸರಿ, ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ ಅರ್ಧ ಗಂಟೆ ಎಡೆಬಿಡದೆ ಹಾಯಿಸಬೇಕು. ಆಮೇಲೆ ಆಸ್ಪತ್ರೆಗೆ ಧಾವಿಸಬೇಕು. ಮೊದಲ ಕೆಲವು ನಿಮಿಷಗಳಲ್ಲಿ ನೀರು ಹಾಕಿದ್ದಕ್ಕೂ ಹಾಕದಿದ್ದುದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ದೃಷ್ಟಿ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸವೇ ಆಗಿರುತ್ತದೆ. ನಿಂಬೆರಸ, ಎಣ್ಣೆ, ತುಪ್ಪ ಯಾವುದನ್ನೂ ಹಾಕಕೂಡದು.

ಮೂರನೆಯದು ಮನಸ್ಸಿನಿಂದ ಬರುವ ಕಣ್ಣೀರು. ಇಲ್ಲಿಯೂ ನೀರು ಅದೇ ಗ್ರಂಥಿಯದು, ಅಂತಿಮ ಆಜ್ಞೆ ತರುವ ನರವೂ ಅದೇ. ಪ್ರೇರಣೆ ಮಾತ್ರ ಕಣ್ಣಿನಿಂದಲ್ಲ, ಭಾವನೆಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳಿಂದ. ನವಜಾತ ಶಿಶುಗಳು ಗಟ್ಟಿಯಾಗಿ ಅತ್ತರೂ ಮೊದಲ ಕೆಲವು ವಾರ ಕಣ್ಣೀರು ಇಳಿಯುವುದಿಲ್ಲ. ಆತಂಕಗೊಳ್ಳುವ ತಾಯಂದಿರು ಇದು ಸಹಜವೆಂದು ತಿಳಿಯಬೇಕು. ಅಮೆರಿಕದ ವಿಲಿಯಂ ಫ್ರೇ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವೋದ್ರೇಕದ ಕಣ್ಣೀರಿನಲ್ಲಿ ಈರುಳ್ಳಿಯಿಂದ ಬಂದುದಕ್ಕಿಂತ ಹೆಚ್ಚು ಪ್ರೋಟೀನು ಕಂಡುಬಂತು. ಇದನ್ನು ಹಿಡಿದು, ಅಳುವುದರಿಂದ ದೇಹದ ವಿಷವೆಲ್ಲ ಹೊರಹೋಗುತ್ತದೆಂಬ ಮಾತು ಹರಡಿದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹೊರಹೋಗುವ ದ್ರವದ ಪ್ರಮಾಣವೇ ತೀರ ಕಡಿಮೆ. ಅತ್ತ ಮೇಲೆ ಮನಸ್ಸು ಹಗುರವಾಗುವುದಾದರೆ, ಹತ್ತಿರ ಬಂದು ಕುಳಿತವರ ಪಾಲೂ ಅದರಲ್ಲಿ ಇರಬೇಕು.

ಮೊಸಳೆ ಕಣ್ಣೀರು ಎಂಬ ನುಡಿಗಟ್ಟಿಗೂ ವೈದ್ಯಶಾಸ್ತ್ರದಲ್ಲಿ ಸ್ಥಾನವಿದೆ. ಮುಖದ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಕೆಲವರಲ್ಲಿ, ಮತ್ತೆ ಬೆಳೆಯುವ ನರತಂತುಗಳು ದಾರಿ ತಪ್ಪಿ, ಜೊಲ್ಲಿನ ಗ್ರಂಥಿಗೆ ಹೋಗಬೇಕಾದವು ಅಶ್ರುಗ್ರಂಥಿಯನ್ನು ಸೇರುತ್ತವೆ. ಇಂಥವರಿಗೆ ಊಟಕ್ಕೆ ಕುಳಿತಾಗಲೆಲ್ಲ ಆ ಬದಿಯ ಕಣ್ಣು ಸುರಿಯುತ್ತದೆ. ಅದರಲ್ಲಿ ಕಪಟವೇನೂ ಇಲ್ಲ.

ದಾರಿ ಕಟ್ಟಿದಾಗ

ಕೆಲವು ಶಿಶುಗಳಲ್ಲಿ ಅಶ್ರುನಾಳ ಮೂಗಿಗೆ ತೆರೆಯುವ ಕಡೆ ಒಂದು ತೆಳುಪೊರೆ ಹುಟ್ಟಿನಲ್ಲಿ ಬಿಡದೆ ಉಳಿದಿರುತ್ತದೆ. ಕಣ್ಣು ಸದಾ ಒದ್ದೆಯಾಗಿದ್ದು ಪಿಸುರುಗಟ್ಟುತ್ತದೆ. ಕಣ್ಣಿನ ಒಳಮೂಲೆಯಲ್ಲಿ ಬೆರಳಿಟ್ಟು, ಮೃದುವಾಗಿ ಒತ್ತಿ ಮೂಗಿನ ಪಕ್ಕ ಕೆಳಕ್ಕೆ ನೀವುವ ಕ್ರಮವನ್ನು ವೈದ್ಯರು ತೋರಿಸಿಕೊಡುತ್ತಾರೆ. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ ಬಹುಪಾಲು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ದಾರಿ ತಾನೇ ತೆರೆದುಕೊಳ್ಳುತ್ತದೆ. ಉಳಿದವರಿಗೆ ಸಣ್ಣ ಸಲಾಕೆಯಿಂದ ಬಿಡಿಸಬೇಕಾಗುತ್ತದೆ. ಆದರೆ ನೀರು ಸೋರುವುದರ ಜೊತೆಗೆ ಮಗು ಬೆಳಕನ್ನು ಕಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಕಣ್ಣಿನ ಕರಿಭಾಗ ಅಸಾಧಾರಣವಾಗಿ ದೊಡ್ಡದಾಗಿ ಅಥವಾ ಮಂಜಾಗಿ ಕಂಡರೆ ಅದು ಹುಟ್ಟಿನಿಂದ ಬಂದ ಗ್ಲಾಕೋಮಾ ಇರಬಹುದು. ಇದರಲ್ಲಿ ಒಂದು ವಾರ ಕಾಯುವುದೂ ತಪ್ಪು.

ದೊಡ್ಡವರಲ್ಲಿ, ಅದರಲ್ಲೂ ನಡುವಯಸ್ಸು ದಾಟಿದ ಹೆಂಗಸರಲ್ಲಿ, ನಾಳ ಕಟ್ಟಿ ಅಶ್ರುಚೀಲದಲ್ಲಿ ಕೀವು ತುಂಬುವುದು ಹೆಚ್ಚು. ಒಳಮೂಲೆಯನ್ನು ಒತ್ತಿದರೆ ಕೀವು ಕಣ್ಣಿಗೆ ಬರುತ್ತದೆ. ಸುಶ್ರುತ ಸಂಹಿತೆ ಎಣಿಸಿರುವ 76 ನೇತ್ರರೋಗಗಳಲ್ಲಿ ‘ಪೂಯಾಲಸ’ ಎಂಬುದು ಇದನ್ನೇ ಹೋಲುತ್ತದೆ. ‘ಶುಷ್ಕಾಕ್ಷಿಪಾಕ’ ಎಂಬ ಇನ್ನೊಂದು ಹೆಸರು ಕಣ್ಣಿನ ಶುಷ್ಕತೆಯನ್ನು ಸೂಚಿಸುತ್ತದೆ. ಮೂಳೆಯಲ್ಲಿ ಕಿಂಡಿ ಮಾಡಿ ಅಶ್ರುಚೀಲವನ್ನು ನೇರವಾಗಿ ಮೂಗಿಗೆ ಕೂಡಿಸುವ ಶಸ್ತ್ರಕ್ರಿಯೆಯನ್ನು ಇಟಲಿಯ ಅಡ್ಡೇಯೊ ಟೋಟಿ 1904ರಲ್ಲಿ ವಿವರಿಸಿದನು. ಈಗ ಇದನ್ನು ಮೂಗಿನ ಒಳಗಿನಿಂದ, ಹೊರಗೆ ಗಾಯದ ಗುರುತಿಲ್ಲದೆ ಮಾಡುವುದೂ ಸಾಧ್ಯ. ಕಣ್ಣಿನ ಪೊರೆ ತೆಗೆಯುವ ಮೊದಲು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಒಳಮೂಲೆಯ ರಂಧ್ರಕ್ಕೆ ನೀರು ಹಾಯಿಸಿ, ಗಂಟಲಿಗೆ ಇಳಿಯಿತೇ ಎಂದು ಕೇಳುವ ವಾಡಿಕೆಯಿದೆ. ಚೀಲದಲ್ಲಿ ಕೀವಿದ್ದಾಗ ಶಸ್ತ್ರಕ್ರಿಯೆ ಮಾಡಿದರೆ ಸೋಂಕು ಕಣ್ಣಿನೊಳಕ್ಕೆ ಹೋಗಬಹುದೆಂಬುದೇ ಈ ಪ್ರಶ್ನೆಯ ಹಿಂದಿರುವ ಭಯ.

ಒಣಗುವ ಕಣ್ಣು

ಮೊದಲಿನ ಪ್ರಶ್ನೆಗೆ ಉತ್ತರ ಈಗ ಸುಲಭ. ಲೋಳೆ ಅಥವಾ ಜಿಡ್ಡು ಕಡಿಮೆಯಾದರೆ ಪೊರೆ ನಿಲ್ಲುವುದಿಲ್ಲ. ಕಾರ್ನಿಯದ ಮೇಲೆ ಒಣ ಜಾಗಗಳು ಬಿದ್ದು ನರತುದಿಗಳು ಉರಿಯುತ್ತವೆ. ಧೂಳು ಬಿದ್ದಾಗ ಹೋಗುವಂಥದೇ ಆಜ್ಞೆ ಗ್ರಂಥಿಗೆ ಹೋಗಿ ನೀರು ಸುರಿಯುತ್ತದೆ. ಆದರೆ ಅದು ಬರಿಯ ನೀರು. ಕಣ್ಣಿಗೆ ಹಿಡಿಯದೆ ಕೆನ್ನೆಗೆ ಜಾರುತ್ತದೆ. ಕಣ್ಣು ಮತ್ತೆ ಒಣಗುತ್ತದೆ, ಮತ್ತೆ ಸುರಿಯುತ್ತದೆ. ಗಾಳಿಗೆ ಮುಖವೊಡ್ಡಿದಾಗ, ಸಂಜೆಯ ಹೊತ್ತು, ಓದುವಾಗ ಇದು ಹೆಚ್ಚು. ಕಣ್ಣಿನಲ್ಲಿ ಮರಳು ಬಿದ್ದಂತೆ ಅನಿಸುವುದು ಇದರ ಸಾಮಾನ್ಯ ದೂರು.

ಪರೀಕ್ಷೆ ಸರಳ. ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ರೂಢಿಗೆ ತಂದ ವಿಧಾನದಲ್ಲಿ 5 ಮಿಲಿಮೀಟರ್ ಅಗಲದ ಶೋಧಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಉದ್ದ ನೆನೆಯಿತೆಂದು ಅಳೆಯುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆಯಾದರೆ ಸ್ರಾವ ತೀರ ಕುಗ್ಗಿದೆಯೆಂದು ಅರ್ಥ. ಬಣ್ಣದ ಔಷಧ ಹಾಕಿ, ರೆಪ್ಪೆ ಬಡಿಯದೆ ಇರುವಾಗ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದೂ ನೋಡುತ್ತಾರೆ. ಸಾಧಾರಣವಾಗಿ ಅದು ಹತ್ತು ಸೆಕೆಂಡಾದರೂ ನಿಲ್ಲಬೇಕು.

ಕಾರಣಗಳು ಹಲವು. ವಯಸ್ಸಿನೊಡನೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ವಿಶೇಷವಾಗಿ, ಸ್ರಾವ ಕುಗ್ಗುತ್ತದೆ. ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳೂ, ಖಿನ್ನತೆಯ ಕೆಲವು ಔಷಧಗಳೂ ಕಣ್ಣನ್ನು ಒಣಗಿಸುತ್ತವೆ. ಬಾಯಿಯೂ ಕಣ್ಣೂ ಒಟ್ಟಿಗೆ ಒಣಗಿ ಕೀಲುನೋವೂ ಇದ್ದರೆ, ಸ್ವೀಡನ್ನಿನ ಹೆನ್ರಿಕ್ ಷೋಗ್ರೆನ್ 1933ರಲ್ಲಿ ವಿವರಿಸಿದ ರೋಗ ಇರಬಹುದು. ವಾಸದ ಊರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಮುಂಬಯಿಯ ಅಥವಾ ಚೆನ್ನೈಯ ತೇವದ ಗಾಳಿಯಲ್ಲಿ ತೊಂದರೆಯಿಲ್ಲದೆ ಇದ್ದವರು ದೆಹಲಿಗೆ ವರ್ಗವಾಗಿ ಬಂದು, ಮೇ ತಿಂಗಳ ಒಣ ಬಿಸಿಗಾಳಿಯಲ್ಲಿ ಅಥವಾ ಚಳಿಗಾಲದ ಹೊಗೆಮಂಜಿನಲ್ಲಿ ಮೊದಲ ಬಾರಿಗೆ ಕಣ್ಣುರಿಯನ್ನು ಅನುಭವಿಸುವುದುಂಟು. ತೇವದ ಊರಿನಲ್ಲಿಯೂ ದಿನವಿಡೀ ಏರ್ ಕಂಡೀಷನರಿನ ಗಾಳಿ ಮುಖಕ್ಕೆ ಬಡಿಯುವಂತೆ ಕುಳಿತರೆ ಪರಿಣಾಮ ಅದೇ.

ಮಕ್ಕಳ ಕಣ್ಣು ಒಣಗಿದರೆ ಅದರ ಅರ್ಥ ಬೇರೆ, ಹೆಚ್ಚು ಗಂಭೀರ. ಎ ಜೀವಸತ್ವ ಸಾಲದಾದಾಗ ಲೋಳೆಯ ಕೋಶಗಳು ನಶಿಸಿ ಕಣ್ಣಿನ ಬಿಳಿಭಾಗ ಕಾಂತಿಗುಂದುತ್ತದೆ. ನೊರೆಯಂಥ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಫ್ರಾನ್ಸಿನ ವೈದ್ಯ ಬಿಟೋ 1863ರಲ್ಲಿ ವಿವರಿಸಿದ್ದರಿಂದ ಅವಕ್ಕೆ ಅವನ ಹೆಸರಿದೆ. ಇದಕ್ಕೆ ಮುಂಚೆಯೇ ಮಗುವಿಗೆ ಇರುಳುಗುರುಡು ಬಂದಿರುತ್ತದೆ. ಇನ್ನೂ ತಡೆದರೆ ಕಾರ್ನಿಯ ಕರಗಿಹೋಗಬಹುದು. ಭಾರತ ಸರ್ಕಾರ 1970ರಲ್ಲಿ ಆರಂಭಿಸಿದ ಕಾರ್ಯಕ್ರಮದಂತೆ ಎ ಜೀವಸತ್ವದ ದ್ರಾವಣವನ್ನು ಮಕ್ಕಳಿಗೆ ಉಚಿತವಾಗಿ ಕುಡಿಸಲಾಗುತ್ತದೆ. ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್, ಅನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್, ಒಟ್ಟು ಒಂಬತ್ತು ಸಲ. ಹೆಚ್ಚಾದರೆ ಹಾನಿಯಿರುವುದರಿಂದ ಇದನ್ನು ಆರೋಗ್ಯ ಕಾರ್ಯಕರ್ತರ ಮೂಲಕವೇ ಕೊಡಿಸಬೇಕು. ನುಗ್ಗೆಸೊಪ್ಪು, ಪರಂಗಿ, ಮಾವು, ಗಜ್ಜರಿ, ಹಾಲು, ಮೊಟ್ಟೆಗಳಿಗೆ ಅಂಥ ಕಟ್ಟುನಿಟ್ಟಿಲ್ಲ.

ಹಿಂದೆ ಟ್ರಕೋಮಾ ಎಂಬ ಸೋಂಕು ರೆಪ್ಪೆಯ ಒಳಮೈಯಲ್ಲಿ ಕಲೆಗಟ್ಟಿ, ಗ್ರಂಥಿಗಳ ಬಾಯನ್ನು ಮುಚ್ಚಿ, ರೆಪ್ಪೆಗೂದಲನ್ನು ಒಳಕ್ಕೆ ತಿರುಗಿಸಿ ಅಸಂಖ್ಯ ಜನರ ಕಣ್ಣನ್ನು ಕೆಡಿಸಿತ್ತು. ಭಾರತವು ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಘೋಷಿಸಿತು.

ಉಪಚಾರ ಮತ್ತು ತೊಟ್ಟು ಹಾಕುವ ಕ್ರಮ

ಜಿಡ್ಡಿನ ಗ್ರಂಥಿಗಳು ಕಟ್ಟಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು, ಚರ್ಮ ತಾಳುವಷ್ಟು ಬಿಸಿಯಾಗಿ, ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಗಟ್ಟಿಯಾದ ಎಣ್ಣೆ ಕರಗುತ್ತದೆ. ಪರದೆಯ ಕೆಲಸದವರು ಆಗಾಗ ದೂರಕ್ಕೆ ನೋಡಿ, ಬೇಕೆಂದೇ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯುವುದು ಖರ್ಚಿಲ್ಲದ ಔಷಧ. ಸೀಸದ ಅಂಶವಿರಬಹುದಾದ ಸುರ್ಮಾ ಮಕ್ಕಳ ಕಣ್ಣಿಗೆ ಬೇಡ. ಎದೆಹಾಲು, ಸೊಪ್ಪಿನ ರಸಗಳನ್ನು ಹಿಂಡುವುದೂ ಬೇಡ.

ಅಂಗಡಿಯಲ್ಲಿ ಸಿಗುವ ತೊಟ್ಟುಗಳೆಲ್ಲ ಒಂದೇ ಅಲ್ಲ. ಕೃತಕ ಕಣ್ಣೀರು ನಿರಪಾಯಕರವಾದದ್ದು, ಆದರೆ ಶೀಶೆ ಶುದ್ಧವಾಗಿರಬೇಕು. 2023ರಲ್ಲಿ ಅಮೆರಿಕದಲ್ಲಿ ಕಲುಷಿತವಾದ ಕೃತಕ ಕಣ್ಣೀರಿನಿಂದ ಸೋಂಕು ತಗುಲಿ ಕೆಲವರು ಕಣ್ಣನ್ನೇ ಕಳೆದುಕೊಂಡರು. ಒಡೆದ ಶೀಶೆಯನ್ನು ಲೇಬಲ್ಲಿನಲ್ಲಿ ಹೇಳಿದ ಅವಧಿ ಮೀರಿದ ಮೇಲೆ, ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ, ಎಸೆಯಬೇಕು. ಸ್ಟೀರಾಯ್ಡ್ ಇರುವ ತೊಟ್ಟುಗಳ ವಿಷಯ ಬೇರೆ. ಉರಿಯನ್ನು ಅವು ಎರಡು ದಿನದಲ್ಲಿ ಇಳಿಸುವುದರಿಂದ ಜನ ಅದೇ ಶೀಶೆಯನ್ನು ಮತ್ತೆ ಮತ್ತೆ ಕೊಳ್ಳುತ್ತಾರೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವಿದು. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ನೋವಿಲ್ಲದೆಯೇ ದೃಷ್ಟಿನರ ನಾಶವಾಗಬಹುದು. ಹಾಗೆ ಹೋದ ದೃಷ್ಟಿ ಮರಳುವುದಿಲ್ಲ.

ತೊಟ್ಟು ಹಾಕುವಾಗ ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದು, ಶೀಶೆಯ ತುದಿ ಎಲ್ಲಿಯೂ ತಾಗದಂತೆ ಒಂದೇ ತೊಟ್ಟು ಬಿಡಬೇಕು. ಎರಡನೆಯ ತೊಟ್ಟಿಗೆ ಕಣ್ಣಿನಲ್ಲಿ ಜಾಗವಿಲ್ಲ. ಅದು ಕೆನ್ನೆಗೆ ಹೋಗುವ ಹಣ. ಬೇರೆ ಔಷಧವಿದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು. ಅನಂತರ ಕಣ್ಣು ಮುಚ್ಚಿ, ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಹಾಗೆ ಮಾಡಿದರೆ ಔಷಧ ಅಶ್ರುನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಎಂಬ ತೊಟ್ಟು ಈ ದಾರಿಯಲ್ಲಿ ರಕ್ತಕ್ಕೆ ಸೇರಿ ಆಸ್ತಮಾ ಇರುವವರಲ್ಲಿ ಉಬ್ಬಸವನ್ನು ಕೆರಳಿಸಬಹುದು. ಅಂಥ ರೋಗಿಗಳು, ಕಣ್ಣಿಗೂ ಉಸಿರಿಗೂ ಏನು ಸಂಬಂಧವೆಂದುಕೊಂಡು ಸುಮ್ಮನಿರದೆ, ತಮ್ಮ ಆಸ್ತಮಾದ ಸಂಗತಿಯನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು.